ಟಿನ್ನಿನೊಳಗಿನ ಕಟ್ಟು

"ನೂರ ಅರವತ್ತೆರಡು, ಕೆಳಗಿಂದು ನೂರ ಎರಡು," ಎಂದು ಸಿಸ್ಟರ್ ಫ್ಲೋರಿನ್ ದುಗ್ಗುವಿನ ತೋಳಿಗೆ ಸುತ್ತಿದ್ದ ಪಟ್ಟಿ ಬಿಚ್ಚಿದಳು. "ಹೋದ ತಿಂಗಳಿಗಿಂತ ಏರಿದೆಯಲ್ಲ. ಮಾತ್ರೆ ನುಂಗ್ತಿದ್ದೀರೋ, ಬಿಸಾಡ್ತಿದ್ದೀರೋ?"

"ಒಂದು ದಿನ ತಪ್ಪಿಸ್ಲಿಲ್ಲ ಸಿಸ್ಟರ್," ಎಂದ ದುಗ್ಗು. ಅವನಿಗೆ ಆ ಯಂತ್ರದ ಮೇಲೇ ಗುಮಾನಿ. ಅದನ್ನು ಎರಡು ಸಲ ಕೆಕ್ಕರಿಸಿ ನೋಡಿದ.

ಗಲ್ಫಿನ ರಾಸ್ ಲಫಾನ್ ಎಂಬಲ್ಲಿ, ಒಂದು ಗುತ್ತಿಗೆ ಕಂಪೆನಿಯಲ್ಲಿ ದುಗ್ಗು ಹದಿನಾರು ವರ್ಷಗಳಿಂದ ಕ್ರೇನ್ ಓಡಿಸುತ್ತಿದ್ದ. ವರ್ಷಕ್ಕೊಮ್ಮೆಯ ತಪಾಸಣೆಯಲ್ಲಿ ರಕ್ತದೊತ್ತಡ ಜಾಸ್ತಿ ಬಂತೆಂದು ಅವನನ್ನು ಕ್ಯಾಬಿನ್ನಿಂದ ಇಳಿಸಿ ಟೂಲ್ ರೂಮಿನಲ್ಲಿ ಕೂರಿಸಿದ್ದರು. ಮೂರು ಸಲ ನೋಡುತ್ತಾರೆ, ಮೂರನೆಯ ಸಲವೂ ಇಳಿಯದಿದ್ದರೆ ಖಲಾಸ್, ಆಮೇಲೆ ಕ್ರೇನಿನ ಹತ್ತಿರ ಸೇರಿಸುವುದಿಲ್ಲ. ಇದು ಎರಡನೆಯದು. ದುಗ್ಗುವಿಗೆ ಆ ಕ್ರೇನಿನ ಮೇಲೆ ಇದ್ದ ಪ್ರೀತಿ ಸಣ್ಣದಲ್ಲ. ಮೂವತ್ತು ಟನ್ನಿನ ಪೈಪನ್ನು ಮೊಟ್ಟೆ ಇಟ್ಟ ಹಾಗೆ ನೆಲಕ್ಕಿಡುತ್ತಾನೆ ಎಂದು ಸೈಟಿನವರು ಹೇಳುತ್ತಿದ್ದರು. ಅಂಥವನು ಈಗ ಕಂಡಕಂಡವರಿಗೆ ಸ್ಪ್ಯಾನರ್ ಎತ್ತಿ ಕೊಡುತ್ತಾ ಕೂತಿರಬೇಕು.

"ಊಟ ಎಂತ?" ಎಂದು ಫ್ಲೋರಿನ್ ಪೆನ್ನು ಹಿಡಿದಳು. ಅವಳು ಬಂಟ್ವಾಳದ ಕಡೆಯವಳು, ಕ್ಲಿನಿಕ್ಕಿನಲ್ಲಿ ಕನ್ನಡ ಸಿಕ್ಕಿದರೆ ಇಂಗ್ಲಿಷನ್ನು ಪಕ್ಕಕ್ಕಿಡುವವಳು.

ದುಗ್ಗು ಈ ಪ್ರಶ್ನೆಗಾಗಿಯೇ ಕಾದಿದ್ದ. ಉಪ್ಪಿನಕಾಯಿ ಬಿಟ್ಟೆ, ಒಣಮೀನು ಬಿಟ್ಟೆ, ಹಪ್ಪಳದ ಮುಖ ನೋಡಲಿಲ್ಲ ಎಂದು ಶುರು ಮಾಡಿದ. "ಈಗ ಬರೀ ಟಿನ್ನಿನ ಕಾಬೂಲಿ ಕಡಲೆ. ದಿವಸಕ್ಕೆ ಎರಡು ಟಿನ್. ಪ್ರೋಟೀನ್ ಉಂಟು, ಫೈಬರ್ ಉಂಟು, ಕಬ್ಬಿಣ ಉಂಟು. ಅಡಿಗೆಗೆ ಒಂದು ಕಲ್ಲು ಉಪ್ಪು ಹಾಕುದಿಲ್ಲ."

"ಕಡಲೆ ಒಳ್ಳೇದೇ," ಎಂದು ಫ್ಲೋರಿನ್ ಒಪ್ಪಿದಳು. "ಮತ್ತೆ ಪ್ರೆಶರ್ ಯಾಕೆ ಹೀಗೆ?"

"ಅದೇ ನನಗೂ ಅರ್ಥ ಆಗುದಿಲ್ಲ. ನಾನು ಅದರ ನೀರು ಸಹ ದಂಡ ಮಾಡುದಿಲ್ಲ ಸಿಸ್ಟರ್. ಕಟ್ಟು ಸಾರು ಮಾಡ್ತೇನೆ." ದುಗ್ಗು ಚೀಲದಿಂದ ಮಧ್ಯಾಹ್ನದ ಫ್ಲಾಸ್ಕ್ ತೆಗೆದು ಮೇಜಿನ ಮೇಲಿಟ್ಟ. ಮುಚ್ಚಳ ತೆರೆದದ್ದೇ ಬೆಳ್ಳುಳ್ಳಿ ಒಗ್ಗರಣೆಯ ಘಮ ಕೋಣೆಯನ್ನೆಲ್ಲ ಹಿಡಿಯಿತು. ಫ್ಲೋರಿನ್ ಬಾಗಿಲ ಕಡೆ ಒಮ್ಮೆ ನೋಡಿದಳು. ಕಟ್ಟು ಸಾರು ಕುಡಿಯದೆ ಅವಳಿಗೂ ಎರಡು ವರ್ಷವಾಗಿತ್ತು. ಪೇಪರ್ ಕಪ್ಪಿಗೆ ಸ್ವಲ್ಪ ಬಗ್ಗಿಸಿಕೊಂಡು ಒಂದು ಗುಟುಕು ಕುಡಿದಳು, ಕುಡಿದವಳು ಕಪ್ಪನ್ನು ಹಾಗೇ ಕೆಳಗಿಟ್ಟಳು.

"ಉಪ್ಪು ಹಾಕ್ಲಿಲ್ಲ ಅಂದ್ರಿ?"

"ದೇವರಾಣೆ ಹಾಕ್ಲಿಲ್ಲ. ಈ ಕಡಲೆಗೆ ಹುಟ್ಟಾ ಒಂದು ರುಚಿ ಉಂಟು."

"ಹುಟ್ಟಾ ರುಚಿ ಅಲ್ಲ ಮಾರಾಯ್ರೆ, ಅದು ಉಪ್ಪುನೀರು. ಕೆಡಬಾರದು, ರುಚಿ ಇರಬೇಕು ಅಂತ ಕಂಪೆನಿಯವರೇ ಹಾಕಿ ತುಂಬಿಸುದು. ಆ ಟಿನ್ ಹೇಗುಂಟು ತೋರಿಸಿ."

ದುಗ್ಗುವಿನ ಫೋನಿನಲ್ಲಿ ಅದರ ಲೇಬಲ್ಲಿನ ಚಿತ್ರ ಇತ್ತು. ಊರಿಗೆ ಕಳಿಸಿ ಹೆಂಡತಿಯಿಂದ ಶಹಬ್ಬಾಸ್ ಅನ್ನಿಸಿಕೊಳ್ಳಲು ತೆಗೆದದ್ದು. ಫ್ಲೋರಿನ್ ಅದನ್ನು ದೊಡ್ಡದು ಮಾಡಿ ನೋಡಿದಳು. ಪ್ರೋಟೀನ್ ಕಾಣುತ್ತಿತ್ತು, ನಾರು ಕಾಣುತ್ತಿತ್ತು, ಕಬ್ಬಿಣವೂ ಕಾಣುತ್ತಿತ್ತು. ಸೋಡಿಯಂ ಇರಬೇಕಾದ ಸಾಲಿನ ಮೇಲೆ ಟಿನ್ ಹಿಡಿದ ದುಗ್ಗುವಿನ ದಪ್ಪ ಹೆಬ್ಬೆರಳು ಅಡ್ಡ ಕೂತಿತ್ತು.

"ಈ ಬೆರಳು ತೆಗೆದು ಒಮ್ಮೆ ಓದಿ," ಎಂದಳು. "ಕಡಲೆ ಬಿಡಬೇಡಿ. ಆ ನೀರು ಚೆಲ್ಲಿ, ಕಡಲೆಯನ್ನು ನಳ್ಳಿ ನೀರಿನ ಕೆಳಗೆ ಎರಡು ಸಲ ತೊಳೀರಿ. ಪೂರ್ತಿ ಅಲ್ಲದಿದ್ರೂ ಸುಮಾರು ಉಪ್ಪು ಹೋಗ್ತದೆ. ಮೂರು ವಾರ ಬಿಟ್ಟು ಬನ್ನಿ."

ಅಂದು ಸಂಜೆ ಮುಐದರ್ ಎಂಬಲ್ಲಿನ ಬಾಡಿಗೆ ಮನೆಯ ಅಡಿಗೆಕೋಣೆಯಲ್ಲಿ ದುಗ್ಗು ಟಿನ್ ತಿರುಗಿಸಿ ಓದಿದ. ಅರ್ಧ ಕಪ್ಪಿಗೆ ಮುನ್ನೂರ ಅರವತ್ತು ಮಿಲಿಗ್ರಾಂ ಸೋಡಿಯಂ. ಅವನ ಕೋಣೆಯಲ್ಲೇ ಇರುವ ಯಜ್ಞೇಶ್ ಎರಡು ಟಿನ್ನಿನ ಲೆಕ್ಕ ಹಾಕಿ, ಒಂದು ದಿವಸದ ಉಪ್ಪೆಲ್ಲ ಇದರಲ್ಲೇ ಮುಗಿಯಿತೆಂದು ಹೇಳಹೊರಟವನು, ಹೇಳಿ ಮುಗಿಸುವ ಮೊದಲೇ ನಗಲು ಶುರು ಮಾಡಿ ಫ್ರಿಜ್ಜಿಗೆ ಒರಗಿಕೊಂಡ. ಕಡಲೆ ತಿನ್ನು ಎಂದು ಬುದ್ಧಿ ಹೇಳಿದವನೂ ಅವನೇ.

"ನಗಬೇಡ. ಜರಡಿ ಕೊಡು," ಎಂದ ದುಗ್ಗು.

ಜರಡಿ ಬಂತು. ಟಿನ್ ತೆರೆದೂ ಆಯಿತು. ಆದರೆ ಸಿಂಕಿನ ಮೇಲೆ ಹಿಡಿದ ಕೈ ಬಗ್ಗಲೇ ಇಲ್ಲ. ಕಡಲೆಯ ಕಟ್ಟನ್ನು ಚೆಲ್ಲುವುದೆಂದರೇನು? ಬೆಳ್ತಂಗಡಿಯ ಅವನ ಮನೆಯಲ್ಲಿ ಕಡಲೆ ಬೇಯಿಸಿದ ನೀರೆಂದರೆ ಮರುದಿನದ ಸಾರು, ಏಳು ಮಂದಿಯ ಗಂಜಿಯ ಜೊತೆಗಾರ. ಅಕ್ಕ ಒಂದು ಸಲ ಅದನ್ನು ತಿಳಿಯದೆ ಚೆಲ್ಲಿದ್ದಕ್ಕೆ ಅಮ್ಮ ಎರಡು ದಿನ ಅವಳ ಹತ್ತಿರ ಮಾತಾಡಿರಲಿಲ್ಲ.

"ಸುರಿ ಮಾರಾಯ."

"ನನ್ನಿಂದ ಆಗುದಿಲ್ಲ. ನೀನು ಸುರಿ."

"ಪ್ರೆಶರ್ ನಿಂದು, ಕ್ರೇನ್ ನಿಂದು. ನಾನ್ಯಾಕೆ ಸುರೀಲಿ?"

ದುಗ್ಗು ಟಿನ್ ಕೆಳಗಿಟ್ಟು ಕೈ ಒರೆಸಿಕೊಂಡು ಊರಿಗೆ ಫೋನು ಹಚ್ಚಿದ. ಐವತ್ತು ತುಂಬಲು ಒಂದು ವರ್ಷ ಬಾಕಿ ಇರುವ ಗಂಡಸು, ಕಡಲೆಯ ನೀರು ಚೆಲ್ಲಲು ಅಮ್ಮನ ಅಪ್ಪಣೆ ಕೇಳಿದ. ಅಮ್ಮ ತೆಂಗಿನಕಾಯಿ ತುರಿಯುತ್ತಾ ಮಾತಾಡುತ್ತಿದ್ದರು, ಸದ್ದು ಇಲ್ಲಿಗೂ ಕೇಳುತ್ತಿತ್ತು. ಕಟ್ಟು ಚೆಲ್ಲುತ್ತೇನೆ ಎಂದದ್ದೇ ಸದ್ದು ನಿಂತಿತು.

"ಯಾರು ಬೇಯಿಸಿದ ಕಡಲೆ ಅದು?" ಎಂದು ಕೇಳಿದರು.

"ಕಂಪೆನಿಯವರು ಬೇಯಿಸಿ ಟಿನ್ನಿಗೆ ಹಾಕುದಮ್ಮ."

"ಯಾವಾಗ ಬೇಯಿಸಿದ್ದು?"

ದುಗ್ಗು ಟಿನ್ನಿನ ತಳದ ತಾರೀಕು ನೋಡಿದ. "ಹನ್ನೊಂದು ತಿಂಗಳಾಯ್ತು."

ತುರಿಮಣೆ ಬದಿಗೆ ಸರಿಸಿದ ಸದ್ದು ಫೋನಿನಲ್ಲಿ ಕೇಳಿಸಿತು. ಆಮೇಲೆ ಅಮ್ಮನ ಸ್ವರ ಎಷ್ಟು ಏರಿತೆಂದರೆ ಯಜ್ಞೇಶ್ ಎರಡು ಹೆಜ್ಜೆ ಹಿಂದೆ ಸರಿದ. "ಹನ್ನೊಂದು ತಿಂಗಳ ತಂಗಳು ನೀರು ಕುಡಿದದ್ದಾ ನೀನು? ನಿನ್ನನ್ನು ನಾನು ಹೀಗೆ ಬೆಳೆಸಿದ್ದಾ? ಚೆಲ್ಲು ಮೊದಲು. ಚೆಲ್ಲಿದ ಶಬ್ದ ನನಗೆ ಕೇಳಬೇಕು."

ಯಜ್ಞೇಶ್ ಫೋನನ್ನು ಸಿಂಕಿನ ಹತ್ತಿರ ಹಿಡಿದ. ದುಗ್ಗು ಸುರಿದ.

ಅಂದಿನಿಂದ ರಜಾದಿನ ಒಣ ಕಡಲೆಯನ್ನು ನೆನೆಹಾಕಿ ತಾನೇ ಬೇಯಿಸಿದ. ಕೆಲಸದ ದಿನ ಟಿನ್ನಿನ ಕಡಲೆಯನ್ನು ಅಕ್ಕಿ ತೊಳೆದಂತೆ ತೊಳೆದ. ಉಪ್ಪಿಲ್ಲದ ಕಟ್ಟಿಗೆ ಲಿಂಬೆ ಹಿಂಡಿ, ಕಾಳುಮೆಣಸು ಕುಟ್ಟಿ ಹಾಕಿ, "ಆಗ್ತದೆ, ಆಗ್ತದೆ," ಎಂದು ತನಗೆ ತಾನೇ ಹೇಳಿಕೊಂಡು ಕುಡಿದ. ಮೊದಲ ವಾರ ಆ ಮಾತಿನಲ್ಲಿ ಸತ್ಯ ಇರಲಿಲ್ಲ, ಮೂರನೆಯ ವಾರಕ್ಕೆ ಸ್ವಲ್ಪ ಬಂತು.

ಮೂರನೆಯ ತಪಾಸಣೆಯ ದಿನ ಬಸ್ಸಿನಲ್ಲೇ ಅವನಿಗೆ ಹೆದರಿಕೆ ಶುರುವಾಯಿತು. ಹೆದರಿದರೆ ಪ್ರೆಶರ್ ಏರುತ್ತದೆ ಎಂಬ ಇನ್ನೊಂದು ಹೆದರಿಕೆಯೂ ಇತ್ತು. ಫ್ಲೋರಿನ್ ಅವನನ್ನು ಹತ್ತು ನಿಮಿಷ ಸುಮ್ಮನೆ ಕೂರಿಸಿ ಪಟ್ಟಿ ಸುತ್ತಿದಳು. ಯಂತ್ರ ಗುರ್ರೆಂದು ತೋಳನ್ನು ಬಿಗಿದು, ಆಮೇಲೆ ನಿಧಾನವಾಗಿ ಬಿಟ್ಟಿತು. ದುಗ್ಗು ಗೋಡೆಯ ಕಡೆ ನೋಡುತ್ತಿದ್ದ.

"ಈಚೆ ನೋಡಿ," ಎಂದಳು. "ನೂರ ಮೂವತ್ತೆರಡು, ಎಂಬತ್ನಾಲ್ಕು."

ದುಗ್ಗು ನೋಡಿದ. ಇನ್ನೊಂದು ಕೈಯ ಅಂಗಿ ತೋಳು ಮಡಚಿ ಅದನ್ನೂ ಅವಳ ಮುಂದೆ ಚಾಚಿದ.

"ಅದು ಯಾಕೆ? ಫಿಟ್ ಅಂತ ಬರೆದೂ ಆಯ್ತು."

"ಇರ್ಲಿ ಸಿಸ್ಟರ್. ಇದ್ರದ್ದೂ ಒಮ್ಮೆ ನೋಡುವ. ಸಂತೋಷಕ್ಕೆ."

ಅವಳು ನಗುತ್ತಾ ಅದಕ್ಕೂ ಪಟ್ಟಿ ಸುತ್ತಿದಳು.

ಮರುದಿನ ಬೆಳಿಗ್ಗೆ ಬಿಸಿಲು ಏರುವ ಮೊದಲೇ ದುಗ್ಗು ಕ್ರೇನಿನ ಮೆಟ್ಟಿಲು ಹತ್ತಿದ. ಕ್ಯಾಬಿನ್ನಿನಲ್ಲಿ ಕೂತು ನೋಡಿದರೆ ಪೆಡಲಿಗೆ ಕಾಲು ಸರಿಯಾಗಿ ಎಟುಕಲಿಲ್ಲ. ಎರಡು ತಿಂಗಳಲ್ಲಿ ಯಾರೋ ಉದ್ದ ಕಾಲಿನವನು ಸೀಟನ್ನು ಹಿಂದಕ್ಕೆ ತಳ್ಳಿಕೊಂಡಿದ್ದ. ಕೆಳಗಿನಿಂದ ಸಿಗ್ನಲ್‌ನವನು ರೇಡಿಯೋದಲ್ಲಿ ಯಲ್ಲಾ, ಯಲ್ಲಾ ಎಂದು ಅವಸರಿಸಿದ. ದುಗ್ಗು ಅವಸರ ಮಾಡಲಿಲ್ಲ. ಸೀಟಿನ ಅಡಿಗೆ ಕೈ ಹಾಕಿ ಹಿಡಿ ಎಳೆದು, ಒಂದೊಂದೇ ಹಲ್ಲು ಮುಂದಕ್ಕೆ ಜರುಗಿಸಿದ, ತನ್ನ ಕಾಲಿನ ಅಳತೆಗೆ ಬರುವ ತನಕ.