ಬದನೀಕಾಯಿ ಬಣ್ಣದ ರೊಕ್ಕ

ಸುರಪುರದ ಸಂತ್ಯಾಗ ಆಡು ಮಾರಿ ಶಹಾಪುರದ ಬಸ್ ಹತ್ತಿದ್ದ ಲಾಡ್ಲೇಸಾಬನ್ನ ಪೊಲೀಸರು ನಡು ದಾರ್‍ಯಾಗ ಇಳಿಸಿದ್ರು. ಗಾಂಜಾ ಸಾಗಸೋ ಮಂದೀನ್ನ ಹುಡಕಾಕತ್ತಿದ್ರು. ಚೀಲದಾಗ ಸಿಕ್ಕಿದ್ದು ನೋಟಿನ ಕಟ್ಟು, ಆಡಿನ ಹಗ್ಗ, ಅರ್ಧ ರೊಟ್ಟಿ. ಕಟ್ಟು, ಹಗ್ಗ, ಲಾಡ್ಲೇಸಾಬ ಮೂರೂ ಯಾದಗಿರಿ ಠಾಣಾಕ್ಕ ಹೋದ್ವು. ರೊಟ್ಟಿ ಹವಾಲ್ದಾರನ ಹೊಟ್ಟ್ಯಾಗ ಹೋತು.

ಠಾಣಾದಾಗ ಪ್ರಯೋಗಾಲಯದ ಪರಿಮಳಾ ಮೇಡಂ ಹತ್ತಿ ತೋಯ್ಸಿ ಒಂದು ನೋಟು ಒರಸಿದ್ರು. ಹತ್ತಿ ಮ್ಯಾಲ ಔಷಧದ ಹನಿ ಬಿಟ್ರು. ಬದನೀಕಾಯಿ ಬಣ್ಣಕ್ಕ ತಿರಗ್ತು. ಗಾಂಜಾದ ಗುರುತು ಅದು.

ಬಣ್ಣ ತಿರಗಿದ ಕಾರಣ ಲಾಡ್ಲೇಸಾಬನಿಗೆ ಗೊತ್ತಿತ್ತು. ಸುರಪುರದ ಗುಡ್ಡದ ಮ್ಯಾಲ ಒಬ್ಬ ಅಜ್ಜ ಧುನಿ ಬೆಂಕಿ ಹೊತ್ತಿಸ್ಕೊಂಡು ಕುಂತಾನ. ಭಕ್ತರು ಗಾಂಜಾ ತಂದು ಕೆಂಡದಾಗ ಹಾಕ್ತಾರ. ಸಂತಿ ಯಾಪಾರಿಗಳು ಗಳಿಸಿದ ರೊಕ್ಕ ಆ ಹೊಗಿಗೆ ಹಿಡದ ಮ್ಯಾಲೇ ಮನಿಗೆ ಒಯ್ಯೋದು. ಇಲ್ಲಂದ್ರ ಬರ್ಕತ್ ಇಲ್ಲ, ರೊಕ್ಕ ಕೈಯಾಗ ನಿಲ್ಲೂದಿಲ್ಲ. ಹೊಗಿ ಎಷ್ಟು ಜೋರಂದ್ರ, ಅದರಾಗ ಹಾದ ಕಾಗಿ ಹಿಂದಮುಂದಾಗಿ ಹಾರಿದ್ದನ್ನ ಕಂಡವರು ಇನ್ನೂ ಬದಕ್ಯಾರ.

ಹೇಳಿದ್ರ ಅಜ್ಜ ಜೇಲಿಗೆ. ಹೇಳದಿದ್ರ ತಾನು.

ಇನಸ್ಪೆಕ್ಟರ್ ಕುರ್ಚಿ ಜಗ್ಗಿ, ಕೆಂಪು ಬೂಟಿನ ಕಾಲು ಚಾಚಿ ಎದುರಿಗೆ ಕುಂತ್ರು. "ಗಾಂಜಾ ಯಾರಿಗೆ ಮಾರಿದಿಲೇ?"

"ಆಡು ಮಾರೀನ್ರಿ ಸಾಹೇಬ್ರ."

"ಆಡು ಬೀಡಿ ಸೇದತಿತ್ತೇನು?"

"ನನ್ನ ಮುಂದ ಸೇದಿಲ್ರಿ."

ಕೇಸ್ ಬರಿ ಅಂದ್ರು ಸಾಹೇಬ್ರು. ಮೇಡಂ ಕೈ ಅಡ್ಡ ಹಿಡದ್ರು. ಇಲ್ಲಿ ತಿರುಗೋ ಬ್ಯಾರೆ ನೋಟು ಹೆಂಗದಾವು ನೋಡದ ಇವನ್ನ ಹಿಡಿಯಾಕ ಬರೂದಿಲ್ಲ, ಹೋಲಿಸಾಕ ಯಾರದರ ನೋಟು ಬೇಕು ಅಂದ್ರು. ಸಾಹೇಬ್ರು ಎದಿ ಉಬ್ಬಿಸಿ ತಮ್ಮ ಕಿಸೆದಾಗಿನ ನೋಟೇ ತಗದು ಕೊಟ್ರು.

ಹನಿ ಬಿತ್ತು. ಎಲ್ಲಾರೂ ಬಗ್ಗಿದ್ರು. ಹತ್ತಿ ಬೆಳ್ಳಗೇ ಉಳದ್ರ ಲಾಡ್ಲೇಸಾಬನ ಕಥಿ ಮುಗೀತು.

ಉಳೀಲಿಲ್ಲ. ಲಾಡ್ಲೇಸಾಬಂದು ಎಳಿ ಬದನೀಕಾಯಿ, ಸಾಹೇಬ್ರದು ಬಲತಿದ್ದು.

"ಇದು ಎಲ್ಲಿಂದ ಬಂತು ಸರ್?" ಅಂದ್ರು ಮೇಡಂ.

ಸಾಹೇಬ್ರು ಗ್ವಾಡಿ ನೋಡಿದ್ರು, ಫ್ಯಾನ್ ನೋಡಿದ್ರು, ಕಡೀಕ ಲಾಡ್ಲೇಸಾಬನ್ನ ನೋಡಿದ್ರು. "ಬಸ್ಸಿನ್ಯಾಗ ಇಸ್ಕೊಂಡ ಚಿಲ್ಲರಿ," ಅಂದ್ರು. ಅವರು ಬಸ್ ಹತ್ತಿದ್ದನ್ನ ಇಡೀ ಜಿಲ್ಲಾದಾಗ ಯಾರೂ ಕಂಡಿಲ್ಲ.

ಮೇಡಂ ಲಾಡ್ಲೇಸಾಬನ ಕಡೆ ತಿರಗಿ, ನಿಂದು ಎಲ್ಲೀದಪಾ ಅಂದ್ರು.

"ನಂದೂ ಬಸ್ಸಿಂದೇ ರೀ," ಅಂದ ಲಾಡ್ಲೇಸಾಬ. "ಅದೇ ಬಸ್ಸು."

ಬರೀ ನೋಟಿನ ಬಣ್ಣ ನೋಡಿ ಯಾರನ್ನೂ ಗಾಂಜಾ ಯಾಪಾರಿ ಅನ್ನಾಕ ಬರೂದಿಲ್ಲಂತ ಮೇಡಂ ಬರದ್ರು. ಕಟ್ಟು, ಹಗ್ಗ ವಾಪಸ್ ಬಂದ್ವು.

ಮುಂದಿನ ಸಂತಿ ದಿನ ಗುಡ್ಡದ ಮ್ಯಾಲ, ಧುನಿ ಪಾಳಿಯೊಳಗ, ಲಾಡ್ಲೇಸಾಬನ ಮುಂದ ಒಬ್ಬರು ಲುಂಗಿ ಉಟ್ಟು ನಿಂತಿದ್ರು. ಕಾಲಾಗ ಮಾತ್ರ ಕೆಂಪು ಬೂಟು. ಅವರು ತಿರುಗಿ ನೋಡಲಿಲ್ಲ. ಆಂವ ಸಲಾಮ್ ಮಾಡಲಿಲ್ಲ.