ಎಡಗಡೆಯ ಎರಡನೇ ಹಲ್ಲು

ಬೆಳಿಗ್ಗೆ ಹನ್ನೊಂದು ಗಂಟೆ. ನನ್ನ ರಕ್ತಪರೀಕ್ಷೆಯ ಫಲಿತಾಂಶ ಬಂದಿದೆ. ಗೋಡೆಯ ಆಚೆ ವೈದ್ಯೆಗೆ ಅದು ಗೊತ್ತು, ಈಚೆ ನಾನು ಕೂತಿದ್ದೇನೆ, ಎದುರಿಗೆ ಟೋಕನ್ ಕೊಡುವ ಹೆಂಗಸು ಫೋನಿನಲ್ಲಿ ಯಾರ ಮಾತಿಗೋ ನಗುತ್ತಿದ್ದಾಳೆ – ಮುಂದಿನ ಹಲ್ಲು ಕಟ್ಟಿಸಿದ್ದು, ಪಕ್ಕದ್ದಕ್ಕಿಂತ ಬಿಳಿ, ಟ್ಯೂಬ್‌ಲೈಟಿನ ಕೆಳಗೆ ಬಣ್ಣ ನೋಡಿದವರ ಕೆಲಸ, ಕಿಟಕಿ ಹತ್ರ ಕೂರಿಸಿ ನೋಡು ಅನ್ನುತ್ತಿದ್ದ ಅಪ್ಪ, ಸುಳ್ಳು ಹೇಳೋದಾದ್ರೆ ಹಗಲು ಬೆಳಕಿಗೆ ನಿಲ್ಲೋ ಹಾಗೆ ಹೇಳು. ಸುಳ್ಳು ಹಲ್ಲೇ ನಮ್ಮ ಕಸುಬು, ಅಪ್ಪ ಕಟ್ಟಿದ, ಅಣ್ಣ ಕಟ್ಟಿದ, ಈಗ ನಾನೊಬ್ಬಳೇ ಕಟ್ಟುತ್ತೇನೆ, ದಂತವೈದ್ಯರು ಬಾಯಿಯ ಅಚ್ಚು ಕಳಿಸುತ್ತಾರೆ, ನಾವು ಗುಲಾಬಿ ಮೇಣದಲ್ಲಿ ಒಂದೊಂದೇ ಹಲ್ಲು ನೆಟ್ಟು ಸೆಟ್ ಮಾಡಿ ಕೊಡುತ್ತೇವೆ. ಅಪ್ಪ ಅಚ್ಚಿನ ಜೊತೆಗೆ ಹಳೆಯದೊಂದು ಫೋಟೋನೂ ಕೇಳುತ್ತಿದ್ದ, ಹಲ್ಲಿದ್ದ ಕಾಲದಲ್ಲಿ ನಕ್ಕಿದ್ದು, ಅದರಲ್ಲಿ ಯಾವ ಹಲ್ಲು ಸೊಟ್ಟವೋ ಮೇಣದಲ್ಲೂ ಅದನ್ನೇ ಸೊಟ್ಟ ಕೂರಿಸುತ್ತಿದ್ದ. ಎಲ್ಲಾ ನೆಟ್ಟಗಿದ್ರೆ ಅದು ಬಾಯಲ್ಲ ಕಣೇ, ಕಾಂಪೌಂಡು.

ಅದೇ ಮನುಷ್ಯ ಆಮೇಲೆ ಎಲ್ಲರಿಗೂ ಒಂದೇ ಹಲ್ಲು ಕೂರಿಸತೊಡಗಿದ. ಮೊದಲು ಅಂಚೆಯವನಿಗೆ, ಆಮೇಲೆ ನಿವೃತ್ತ ಮೇಷ್ಟರಿಗೆ, ಆಮೇಲೆ ಲಾಂಡ್ರಿಯವನ ತಾಯಿಗೆ – ಮೇಲಿನ ಸಾಲು, ಎಡಗಡೆಯ ಎರಡನೇ ಹಲ್ಲು, ಕೂದಲೆಳೆಯಷ್ಟು ಒಳಕ್ಕೆ ತಿರುಗಿದ್ದು. ಫೋಟೋ ಮುಂದೆ ಇಟ್ಟರೂ ನೋಡುತ್ತಿರಲಿಲ್ಲ. ಮೇಷ್ಟರು ಕನ್ನಡಿ ನೋಡಿಕೊಂಡು ಬಂದು ಕೇಳಿದರು, ಏನ್ರೀ ಇದು, ಯಾರ ಬಾಯಿ ನಂದು? ಅಣ್ಣ ಕ್ಷಮೆ ಕೇಳಿ ವಾಪಸ್ ತಗೊಂಡ, ಅಪ್ಪ ಮೇಷ್ಟರ ಕೈಯಲ್ಲಿದ್ದ ಬಾಳೆಹಣ್ಣು ಕಿತ್ತು ತಿಂದ. ಯಾರ ಬಾಯಿ ಅಂತ ಅಮ್ಮನಿಗೆ ಮೊದಲು ಗೊತ್ತಾಯಿತು. ಬೀದಿ ತಿರುವಿನಲ್ಲಿ ಲಾಂಡ್ರಿಯವನ ತಾಯಿ ನಕ್ಕಳಂತೆ, ಅಮ್ಮ ಮನೆಗೆ ಬಂದವಳೇ ಕನ್ನಡಿ ಮುಂದೆ ನಿಂತು ತುಟಿ ಎತ್ತಿ ತನ್ನ ಎಡಗಡೆಯ ಎರಡನೇ ಹಲ್ಲು ನೋಡಿಕೊಂಡಳು, ಚಿಕ್ಕಂದಿನಿಂದ ಸೆರಗು ಅಡ್ಡ ಹಿಡಿದು ನಕ್ಕ ಹಲ್ಲು. ನಲವತ್ತು ವರ್ಷ ಸಂಸಾರ ಮಾಡಿದ್ದಕ್ಕೆ ನನ್ನ ಊನಾನ ಊರಿಗೆಲ್ಲ ಹಂಚ್ತಿದಾನೆ ನೋಡೇ ಇವನು.

ತಮಾಷೆಯಲ್ಲ, ಅವಳು ನಂಬಿದಳು, ನಂಬುವುದಕ್ಕೆ ಬೇಕಾದಷ್ಟು ಕಾರಣ ಅವನೇ ಕೊಟ್ಟ – ಅವಳು ಜ್ವರದಲ್ಲಿ ನಡುಗುತ್ತಿದ್ದಾಗ ನಕ್ಕ, ಆಪರೇಷನ್ನಿನ ದಿನ ಆಸ್ಪತ್ರೆಯ ಮಂಚದ ಪಕ್ಕ ನಿಂತು, ನೀನು ಸತ್ರೆ ಆ ಬಿಸ್ಕತ್ತು ನಂಗಿರ್ಲಿ ಅಂದ, ಪಕ್ಕದ ಮಂಚದವರು ಅಮ್ಮನ ಮುಖ ನೋಡಿದರು. ಅವಳ ಮೇಲೆ ಒಮ್ಮೆಯೂ ದನಿ ಎತ್ತದಿದ್ದವನು. ಬೇರೆ ಹೆಂಗಸು ಇದ್ದಾಳೆ ಅಂದರು ಅಮ್ಮನ ಕಡೆಯವರು, ಕುಡಿತ ಅಂದರು, ವಯಸ್ಸಿಗೆ ಬಂದ ಕೊಬ್ಬು ಅಂದರು. ಕಾಯಿಲೆ ಅನ್ನಲಿಲ್ಲ ಯಾರೂ, ಮರೆವಿರಲಿಲ್ಲವಲ್ಲ, ಯಾವ ಗಿರಾಕಿ ಯಾವ ವರ್ಷ ಬಂದ ಅಂತ ಪಟಪಟ ಹೇಳುತ್ತಿದ್ದ, ತಲೆ ನೆಟ್ಟಗಿದೆ, ಬುದ್ಧಿ ಮಾತ್ರ ಕೆಟ್ಟಿದೆ ಅಂದುಕೊಂಡೆವು. ಅಮ್ಮ ಹಲ್ಲು ಕಚ್ಚಿ ಸಹಿಸಿದಳು, ಸಹಿಸುತ್ತಲೇ ಸತ್ತಳು, ಮನೆಯಲ್ಲಿ ಮಲಗಿಸಿದಾಗ ಅಪ್ಪ ಎಲ್ಲರನ್ನೂ ಸರಿಸಿ ಬಂದ, ಬಗ್ಗಿದ, ಅಳುತ್ತಾನೆ ಅಂದುಕೊಂಡೆವು, ಹೆಬ್ಬೆರಳಿನಿಂದ ಅವಳ ಮೇಲ್ದುಟಿ ಎತ್ತಿ ಹಲ್ಲು ನೋಡಿದ. ಮಾವ ಅವನ ಕುತ್ತಿಗೆಪಟ್ಟಿ ಹಿಡಿದು ಎಳೆದರು. ಬಿಟ್ಟ ತುಟಿ ಪೂರ್ತಿ ಮುಚ್ಚಿಕೊಳ್ಳಲಿಲ್ಲ. ನಾನು ಅಳಲಿಲ್ಲ. ಅಪ್ಪನ ಮಗಳೇ ಸರಿ ಅಂದರು ಯಾರೋ ಹಿಂದಿನಿಂದ, ಬಾಯಿಯೂ ಅಪ್ಪನದೇ ನನಗೆ, ಸಾಲಾದ ಹಲ್ಲು, ಹಲ್ಲು ಬಂದ ದಾರಿಯಲ್ಲೇ ಉಳಿದದ್ದೂ ಬಂದಿರಬೇಕು ಅಂತ ಆವತ್ತಿನಿಂದ ಅನಿಸುತ್ತಿದೆ.

ಕಾಯಿಲೆಯ ಹೆಸರು ಬಂದದ್ದು ಎರಡು ವರ್ಷ ತಡವಾಗಿ, ಅಪ್ಪನಿಂದಲ್ಲ, ಅಣ್ಣನಿಂದ. ಪಾಲಿಶ್ ಮಾಡುವಾಗ ಸೆಟ್ ಕೈಜಾರಿ ಬಿತ್ತು, ಇನ್ನೊಂದು ಸಲ ಬಿತ್ತು, ಹೆಬ್ಬೆರಳ ಬುಡದ ಮಾಂಸ ಕರಗಿ ಗುಳಿಬಿತ್ತು, ಆಮೇಲೆ ನೀರು ಗಂಟಲಲ್ಲಿ ನಿಲ್ಲತೊಡಗಿತು. ಸ್ನಾಯುಗಳ ನರ ಸಾಯ್ತಾ ಇದೆ ಅಂದರು ಇದೇ ವೈದ್ಯೆ, ಮನೇಲಿ ಬೇರೆ ಯಾರಿಗಾದ್ರೂ ಏನಾದ್ರೂ? ಕೈಯದಾ, ಇಲ್ಲ ಅಂದೆ. ಕೈದೇ ಆಗ್ಬೇಕಿಲ್ಲಮ್ಮ, ಸ್ವಭಾವ ಬದಲಾಗಿದ್ದು, ಮಾತು ನಿಂತಿದ್ದು? ಆಗ ರೇಡಿಯೋ ಅತ್ತೆ ನೆನಪಾದಳು, ಅಪ್ಪನ ಅಕ್ಕ, ಬಾಯಿ ಮುಚ್ಚದವಳು, ಮಾತು ತೊದಲಿ ತುಂಡಾಗಿ ಕೊನೆಗೆ ಒಂದೇ ಉಳಿಯಿತು, ಹೌದಪ್ಪ. ಊಟ ಆಯ್ತಾ ಅತ್ತೆ, ಹೌದಪ್ಪ. ನೋವಾ, ಹೌದಪ್ಪ. ಅಂತೂ ಬ್ಯಾಟರಿ ಮುಗೀತು ಅಂತ ಮನೆಯವರೆಲ್ಲ ನಕ್ಕಿದ್ದೆವು. ಅತ್ತೆಯದನ್ನೂ ಅಪ್ಪನದನ್ನೂ ಹೇಳಿದೆ. ವೈದ್ಯೆ ಹಾಳೆಯ ಮೇಲೆ ಮಿದುಳು ಬರೆದು, ಹಣೆಯ ಹಿಂದೆ ಗೀಟು ಹಾಕಿ, ಇಲ್ಲಿ ಸವೆದ್ರೆ ನಿಮ್ಮ ತಂದೆ, ಪಕ್ಕದಲ್ಲಿ ಸವೆದ್ರೆ ಅತ್ತೆ, ಕೆಳಗೆ ಬೆನ್ನುಹುರಿಗೆ ಇಳಿದ್ರೆ ನಿಮ್ಮಣ್ಣ, ಬೇರು ಒಂದೇ ಅಂದರು. ಒಂಬತ್ತನೇ ಕ್ರೋಮೋಸೋಮಿನ ಒಂದು ಜೀನಿನಲ್ಲಿ ಆರಕ್ಷರದ ಒಂದು ತುಂಡಂತೆ, ಎಲ್ಲರಲ್ಲೂ ಕೆಲವು ಸಲ ಬರುತ್ತದಂತೆ, ನಮ್ಮ ಮನೆಯಲ್ಲಿ ನೂರಾರು ಸಲ ಅದದೇ, ಅದದೇ. ಅಪ್ಪನ ಮೇಣದ ಹಾಗೆ. ಅಪ್ಪನಿಗೆ ಹೇಳಿದೆವು, ಆಗ ಅವನು ಕೆನ್ನೆಯೊಳಗೆ ಅಂಗಿಯ ಗುಂಡಿಯೊಂದನ್ನು ಇಟ್ಟುಕೊಂಡು ಚೀಪುತ್ತಿದ್ದ. ಅಮ್ಮನಿಗೆ ಹೇಳುವುದು ಹೇಗೆ?

ಮೇಡಂ, ಮುಂದಿನದು ನಿಮ್ದೇ, ಅನ್ನುತ್ತಾಳೆ ಟೋಕನ್ ಹೆಂಗಸು, ನಗುತ್ತಾಳೆ, ಬಿಳಿ. ಬಂದಿರುವುದಕ್ಕೂ ಬರದಿರುವುದಕ್ಕೂ ಸಮ ಸಮ ಅಂದಿದ್ದರು ವೈದ್ಯೆ, ಬಂದಿದ್ರೂ ಯಾವಾಗ, ಯಾವ ರೂಪದಲ್ಲಿ ಅಂತ ಯಾರೂ ಹೇಳಲಾರರು. ಅಣ್ಣ ಇವತ್ತು ಬೆಳಿಗ್ಗೆ ದಿಂಬಿಗೊರಗಿ ಎಳೆದೆಳೆದು ಅಂದ, ಇದ್ರೆ ಜೊತೆಗೆ ಹೋಗೋಣ, ಇಲ್ದಿದ್ರೆ ತಿನ್ನಿಸೋಕೆ ನೀನಿರ್ತೀಯ, ಎರಡೂ ನಂಗೆ ಲಾಭವೇ. ನಕ್ಕ, ನಕ್ಕರೆ ಉಸಿರು ಸಿಕ್ಕಿಕೊಳ್ಳುತ್ತದೆ ಅವನಿಗೆ, ಬೆನ್ನು ತಟ್ಟಿದೆ. ಅವನಿಗೆ ನಿನ್ನೆಯದನ್ನು ಹೇಳಿಲ್ಲ. ನಿನ್ನೆ ದಂತವೈದ್ಯರ ಫೋನು, ಏನಮ್ಮಾ, ಆ ಪೇಷಂಟ್ ಅಜ್ಜಿ ಫೋಟೋ ಕಳಿಸಿದ್ವಲ್ಲ, ಸಾಲಾಗಿರೋ ಹಲ್ಲನ್ನ ಯಾಕೆ ತಿರುಗಿಸಿದೀರಿ? ಸೆಟ್ ವಾಪಸ್ ಬಂತು. ಕಿಟಕಿಗೆ ಹಿಡಿದು ನೋಡಿದೆ. ಎಡಗಡೆಯ ಎರಡನೇ ಹಲ್ಲು, ಕೂದಲೆಳೆಯಷ್ಟು ಒಳಕ್ಕೆ. ನೆಟ್ಟಿದ್ದು ನಾನೇ, ಯಾವಾಗ ತಿರುಗಿಸಿದೆ ಗೊತ್ತಿಲ್ಲ, ಫೋಟೋ ಮೇಜಿನ ಮೇಲೇ ಇತ್ತು, ನೋಡಿದ್ದೆನೇ? ಶುರುವಾಯಿತು ಅಂದುಕೊಂಡೆ. ಹೆದರಿಕೆ ಆಗಲಿಲ್ಲ, ಅಮ್ಮ ಸತ್ತಾಗ ಅಳದಿದ್ದವಳಿಗೆ ಆಗಲೇ ಶುರುವಾಗಿತ್ತಲ್ಲ, ಒಂದು ಥರ ಹಗುರವೂ ಆಯಿತು, ಕಲ್ಲಿನಂಥವಳು ಅಂದವರ ಮುಖಕ್ಕೆ ಎಸೆಯಲು ಒಂದು ಹೆಸರು ಸಿಕ್ಕೀತು –

ಬನ್ನಿಯಮ್ಮಾ, ಕೂತ್ಕೊಳ್ಳಿ. ಈಗಲೂ ರಿಸಲ್ಟ್ ಬೇಡ ಅನ್ನಬಹುದು, ಬೇಕಾ? ಬೇಕು ಅನ್ನುತ್ತೇನೆ. ಇಲ್ಲ, ನಿಮಗಿಲ್ಲ, ಬಂದಿಲ್ಲ ನಿಮಗೆ. ವೈದ್ಯೆ ನನ್ನ ಕೈ ಮೇಲೆ ಕೈ ಇಡುತ್ತಾರೆ, ಸಂತೋಷ ಪಡ್ತಾರೆ ಎಲ್ಲರೂ ಈ ಕುರ್ಚಿಯಲ್ಲಿ, ಕೆಲವರಿಗೆ ತಡವಾಗುತ್ತೆ ಅಷ್ಟೆ. ಇಲ್ಲವಂತೆ. ಹಾಗಾದರೆ ಅಳದಿದ್ದದ್ದು ನಾನೇ, ಕಾಯಿಲೆಯಲ್ಲ. ಅಣ್ಣನಿಗೆ ಇದೆ, ನನಗಿಲ್ಲ, ಮನೆಗೆ ಹೋಗಿ ಈ ಮಾತನ್ನು ಯಾವ ಮುಖ ಹೊತ್ತು ಹೇಳಲಿ, ಅವನು ಖುಷಿಪಡುತ್ತಾನೆ, ಅದೇ ಕಷ್ಟ. ಮತ್ತೆ ಆ ಹಲ್ಲು? ಕಾಯಿಲೆಯಿಲ್ಲದ ನನ್ನ ಕೈ ಅಮ್ಮನ ಹಲ್ಲು ನೆಟ್ಟಿತು ಅಂದಮೇಲೆ ಅಪ್ಪನ ಕೈ ನೆಟ್ಟಿದ್ದು ಕಾಯಿಲೆಯೇ ಅಂತ ಹೇಳುವವರು ಯಾರು, ಎಲ್ಲ ಕಾಯಿಲೆಯ ಕೆಲಸ ಅಂತ ಕಟ್ಟಿ ಮೂಲೆಗಿಟ್ಟಿದ್ದೆನಲ್ಲ, ಅದರಲ್ಲಿ ಅವನದೇನಾದರೂ ಇತ್ತೇ, ಇದ್ದರೆ ಅಮ್ಮನಿಗೆ – ಡಾಕ್ಟ್ರೇ, ಅನ್ನುತ್ತೇನೆ, ಅವರಿಗೆ ಒಳಗೆ ಏನಾದ್ರೂ ಉಳಿದಿರುತ್ತಾ? ಯಾರಿಗಮ್ಮಾ? ಅಪ್ಪನ ಹೆಬ್ಬೆರಳು ಅಮ್ಮನ ತುಟಿ ಎತ್ತುತ್ತದೆ. ಯಾರ ಬಗ್ಗೆ ಕೇಳ್ತಿದೀರಿ? ತುಟಿ ಎತ್ತುತ್ತದೆ, ಎಡಗಡೆ, ಎರಡನೆಯದು, ಕೂದಲೆಳೆಯಷ್ಟು. ಅವನು ನೋಡುತ್ತಾನೆ.

ಮಧ್ಯಾಹ್ನ ಲ್ಯಾಬಿಗೆ ಹೋಗಿ ಮೇಣ ಬಿಸಿ ಮಾಡಿ ಆ ಹಲ್ಲನ್ನು ನೆಟ್ಟಗೆ ಕೂರಿಸಿದೆ. ಸಂಜೆ ದಂತವೈದ್ಯರ ಕಡೆಯವರು ಬಂದು ಸೆಟ್ ತೆಗೆದುಕೊಂಡು ಹೋದರು.