ಎರಡು ಬೆರಳು ಬಟ್ಟೆ

ಅಮ್ಮನ ಎಡಗೈ ಸಲೀಸಾಗಿ ನಿಲುವಂಗಿಯ ತೋಳಿನೊಳಗೆ ಹೋಯಿತು. ಬಲಗೈ ಹೋಗಲಿಲ್ಲ. ಆಸ್ಪತ್ರೆಯಲ್ಲಿ ಆರು ದಿನ ಸೂಜಿ ಚುಚ್ಚಿಸಿಕೊಂಡ ಕೈ ಮೊಣಕೈಯಿಂದ ಮೇಲಕ್ಕೆ ಊದಿಕೊಂಡಿತ್ತು.

"ಎಳೀಬೇಡಿ ಅತ್ತಿಗೆ, ಅಮ್ಮಂಗೆ ನೋವಾಗುತ್ತೆ" ಎಂದಳು ಮಗಳು. ಹೇಳಿದ ಮೇಲೆ ತುಟಿ ಕಚ್ಚಿಕೊಂಡಳು.

ಅತ್ತಿಗೆ ಕೈ ಹಿಂದಕ್ಕೆ ತೆಗೆದುಕೊಂಡು, ಅಂಗೈಯಲ್ಲೇ ಕಣ್ಣೊರೆಸಿಕೊಂಡರು.

ಬೀದಿಗೆಲ್ಲ ಟೈಲರಮ್ಮ ಆಗಿದ್ದವಳು ತನ್ನ ಕೊನೆಯ ಬಟ್ಟೆಯನ್ನೂ ತಾನೇ ಹೊಲಿದಿಟ್ಟಿದ್ದಳು. ಬೀರುವಿನ ಕೆಳಗಿನ ಅರೆಯಲ್ಲಿ ಮಡಿಸಿಟ್ಟ ಬಿಳಿ ನಿಲುವಂಗಿ. ಗಿರಾಕಿಗಳ ಬಟ್ಟೆಗೆ ಚುಚ್ಚುವಂತೆ ಅದಕ್ಕೂ ಗುಂಡುಪಿನ್ನಿನಲ್ಲಿ ಒಂದು ಚೀಟಿ: 'ಗಿರಾಕಿ: ನಾನೇ. ಅವಸರವಿಲ್ಲ.'

ಹನ್ನೊಂದಕ್ಕೆ ಅಂತ್ಯಕ್ರಿಯೆಗೆ ಒಯ್ಯುವ ಗಾಡಿ ಬರುವುದಿತ್ತು. ಹೊರಗಿನ ಕೋಣೆಯಲ್ಲಿ ಅಣ್ಣನ ಧ್ವನಿ ಏರಿತು. ಅವನು ದೂರದ ಊರಿನ ಬಸ್ ಡ್ರೈವರು. ಬಂದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಉಸಿರಾಟದ ಮೆಷಿನ್ ಹಾಕಿದ್ರೆ ನಾನು ಬರೋ ತನಕನಾದ್ರೂ ಇರ್ತಿದ್ಲು ಮಾಮಾ. ಬೇಡ ಅಂತ ಇವಳೇ ಸಹಿ ಹಾಕಿದಾಳೆ."

"ನಿಮ್ಮಮ್ಮನೇ ಬೇಡ ಅಂದಿದ್ರಂತಲ್ಲಪ್ಪ?" ಎಂದರು ಗುಂಡಿ ಅಂಗಡಿಯವರು. ಮಕ್ಕಳಿಬ್ಬರಿಗೂ ಅವರು ಬಟನ್ ಮಾಮ.

"ಯಾರು ಕೇಳಿಸ್ಕೊಂಡ್ರು? ಇವಳೊಬ್ಬಳು. ನಂಗೊಂದು ಮಾತು ಹೇಳಿಲ್ಲ."

"ನಲವತ್ತು ವರ್ಷ ನನ್ನ ಹತ್ರ ಗುಂಡಿ ತಗೊಂಡೋರು ಕಣಪ್ಪ. ಡಜನ್ನಿಗೆ ಒಂದು ಹೆಚ್ಚಿಗೆ ಹಾಕಿಸ್ಕೊಳ್ದೆ ಮೆಟ್ಟಿಲಿಳಿದೋರಲ್ಲ. ಹಾಗಂತ ಬೇಡದ್ದನ್ನ ಪುಕ್ಕಟೆ ಕೊಟ್ರೂ ಮುಟ್ತಿರಲಿಲ್ಲ."

ಅಣ್ಣ ಕುರ್ಚಿಯನ್ನು ಸರಕ್ಕನೆ ಹಿಂದಕ್ಕೆ ತಳ್ಳಿದ ಸದ್ದು ಕೇಳಿಸಿತು. ಈ ಬಾಗಿಲು ದಾಟಿ ಹೋದ ಮೇಲೆ ಅವನು ಇನ್ನೆಂದೂ ತಂಗಿಯ ಮನೆಗೆ ಬರಲಾರನೆಂದು ಮಗಳಿಗೆ ಅನ್ನಿಸಿತು.

ಅವಳು ಅಮ್ಮನ ತೋಳಿನಿಂದ ನಿಲುವಂಗಿಯನ್ನು ಮೆಲ್ಲಗೆ ಬಿಡಿಸಿ, ಹೊಲಿಗೆ ಡಬ್ಬಿಯಿಂದ ಬ್ಲೇಡು ತೆಗೆದಳು.

"ಕಂಕುಳಲ್ಲಿ ಬಿಚ್ಚಿ ಸ್ವಲ್ಪ ಸಡಿಲ ಮಾಡ್ತೀನಿ ಅತ್ತಿಗೆ. ಮುಂದೆ ಬಿಚ್ಚಿ ದೊಡ್ಡದು ಮಾಡೋಕೆ ಅಂತ ಒಳಗೆ ಎರಡು ಬೆರಳು ಬಟ್ಟೆ ಬಿಡದೆ ಅಮ್ಮ ಯಾವತ್ತೂ ಹೊಲಿದೋಳಲ್ಲ."

*

ನಾಲ್ಕು ತಿಂಗಳ ಹಿಂದೆ, ಡಾಕ್ಟರ ಮಾತು ಕೇಳಿಕೊಂಡು ಬಂದ ಮಧ್ಯಾಹ್ನವೇ ಅಮ್ಮ ಮೇಜಿನ ಮೇಲೆ ಬಿಳಿ ಬಟ್ಟೆ ಹರಡಿದ್ದಳು.

"ನೋಡೇ, ನಿಂಗೊಂದು ಹೇಳ್ಬೇಕು."

"ಬಿಡ್ತು ಅನ್ನಮ್ಮ."

"ಬಿಡ್ತು ಅಂದ್ರೆ ಬಿಡುತ್ತಾ? ಕೇಳು. ಜೀವಮಾನವೆಲ್ಲ ಮೆಷಿನ್ ತುಳಿದಿದೀನಿ. ಕೊನೆಗೆ ಮೆಷಿನ್ ನನ್ನ ತುಳಿಯೋದು ಬೇಡ. ಗಂಟಲಿಗೆ ಕೊಳವೆ ತುರುಕಿ ಮಲಗಿಸಬೇಡಿ. ದಾರ ಮುಗಿದ್ರೆ ಮುಗೀತು."

ಮಗಳು ಅತ್ತಳು. ಅತ್ತು ಮುಗಿಯುವ ತನಕ ಅಮ್ಮ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಲೇ ಇದ್ದಳು.

"ಅಣ್ಣಂಗೂ ಹೇಳಮ್ಮ. ಇಲ್ದಿದ್ರೆ ನಾಳೆ ನನ್ನ ತಲೆಗೆ ಬರುತ್ತೆ."

ಅಮ್ಮ ಕೂಡಲೇ ಅವನಿಗೆ ಫೋನು ಮಾಡಿದಳು. "ಮಗನೇ, ನನ್ನ ಕೊನೆಗಾಲದ ವಿಷ್ಯ ಸ್ವಲ್ಪ..."

"ಅಯ್ಯೋ ಅಮ್ಮ, ಬಸ್ಸು ಹೊರಡೋ ಹೊತ್ತು. ಅಂಥದ್ದೆಲ್ಲ ಈಗ ಬೇಡ."

ಅಮ್ಮ ಬಟ್ಟೆಯ ಮೇಲೆ ಕೈಯಾಡಿಸಿದಳು. "ಸರಿ ಬಿಡು. ನಿನ್ನ ಕಾಲರಿನ ಅಳತೆ ಹಿಂದಿನದೇ ತಾನೆ?"

ನಿಲುವಂಗಿಗೆ ಕತ್ತರಿಸಿ ಉಳಿದ ಬಟ್ಟೆಯಲ್ಲಿ ಅವನಿಗೊಂದು ಅಂಗಿ ಆಯಿತು. ಚೂರೂ ಮಿಗಲಿಲ್ಲ.

*

ಮಗಳು ನಿಲುವಂಗಿಯನ್ನು ಒಳಮಗ್ಗುಲಾಗಿ ತಿರುಗಿಸಿದಳು. ಬ್ಲೇಡು ಹಿಡಿದ ಕೈ ಹಾಗೇ ನಿಂತಿತು.

ಬಿಚ್ಚಲು ಒಳಗೆ ಮಿಗಿಸಿದ ಬಟ್ಟೆಯೇ ಇರಲಿಲ್ಲ. ಕತ್ತರಿ ಹೊಲಿಗೆಯ ಅಂಚಿಗೇ ಹೋಗಿತ್ತು. ಒಂದು ಸಲ ಒಗೆದರೆ ಸಾಕು, ಬಿಟ್ಟುಕೊಳ್ಳುವ ಹೊಲಿಗೆ.

"ಅಣ್ಣಾ, ಇಲ್ಲಿ ಬಾ."

"ಏನೀಗ?" ಅವನು ಬಾಗಿಲಲ್ಲೇ ನಿಂತ. ಅವಳು ಬಟ್ಟೆಯನ್ನು ಅವನ ಕೈಗಿಟ್ಟಳು.

ಸ್ಕೂಲಿಗೆ ಹೋಗುವಾಗ ಅವನ ಪ್ಯಾಂಟಿನ ಕಾಲಲ್ಲಿ ವರ್ಷಕ್ಕೊಂದು ಗೆರೆ ಇರುತ್ತಿತ್ತು, ಅಮ್ಮ ಬಿಚ್ಚಿ ಉದ್ದ ಮಾಡಿದ ಗುರುತು. ಗೆಳೆಯರು ಆ ಗೆರೆ ಎಣಿಸಿ ಅವನ ವಯಸ್ಸು ಹೇಳಿ ನಗುತ್ತಿದ್ದರು. ಈಗ ಅವನ ಹೆಬ್ಬೆರಳು ಹೊಲಿಗೆಯ ಮೇಲೆ ನಿಧಾನವಾಗಿ ಸರಿಯಿತು.

"ಕತ್ತರಿ ತಪ್ಪಿರ್ಬೇಕು" ಎಂದ.

"ಅಮ್ಮನ ಕತ್ತರಿಯಾ?"

ಅವನು ಇನ್ನೊಂದು ಪಕ್ಕ ತಿರುಗಿಸಿ ನೋಡಿದ. ಕತ್ತು ನೋಡಿದ. ಕೆಳಗಿನ ಅಂಚು ನೋಡಿದ. ಎಲ್ಲ ಕಡೆಯೂ ಹಾಗೇ. ಆಮೇಲೆ ಹೊಲಿಗೆ ಮೆಷಿನ್ನಿನ ಮುಂದಿನ ಸ್ಟೂಲಿನ ಮೇಲೆ ಕೂತ.

"ಇನ್ನು ಎಳೆಯೋದು ಬೇಡ ಅಂತ್ಲೇ ಹೀಗೆ ಕತ್ತರಿಸಿದಾಳೆ. ಫೋನಲ್ಲೂ ಇದನ್ನೇ ಹೇಳೋಕೆ ಬಂದಿದ್ಲು ಕಣೇ," ಎಂದ, ತಂಗಿಯ ಮುಖ ನೋಡದೆ. "ನಾನೇ ಬೇಡ ಅಂದೆ."

ಹೊರಗೆ ಗಾಡಿಯ ಹಾರ್ನ್ ಕೇಳಿಸಿತು.

"ತೋಳಿಗೇನು ಮಾಡೋದು?" ಎಂದರು ಅತ್ತಿಗೆ.

"ಕಂಕುಳಲ್ಲಿ ಒಂದು ಪಟ್ಟಿ ಸೇರಿಸ್ಬೇಕು. ಎರಡು ಬೆರಳಗಲ ಸಾಕು. ಆದ್ರೆ ಈ ಬಟ್ಟೆ ಚೂರೂ ಇಲ್ಲ."

ಅಣ್ಣ ಎದ್ದು, ಅಮ್ಮ ಅದೇ ಬಟ್ಟೆಯಲ್ಲಿ ಹೊಲಿದುಕೊಟ್ಟಿದ್ದ ತನ್ನ ಬಿಳಿ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಅಂಗಿಯನ್ನು ಅವಳ ಮುಂದಿಟ್ಟ. ಅವಳು ಕೆಳಗಿನ ಅಂಚು ಮಗುಚಿದಳು. ಸುತ್ತಲೂ ಎರಡು ಬೆರಳು ಬಟ್ಟೆ ಒಳಗೆ ಮಡಿಸಿಕೊಂಡಿತ್ತು.

"ನಂಗೆ ಐವತ್ತೊಂದು," ಎಂದ ಅಣ್ಣ. ನಗಲು ಹೋದ ಬಾಯಿ ಸೊಟ್ಟಗಾಯಿತು. "ಇನ್ನೂ ಬೆಳೀತೀನಿ ಅಂದ್ಕೊಂಡಿದ್ಲು."

ಮಗಳು ಅಂಚು ಬಿಚ್ಚಿ ಪಟ್ಟಿ ಕತ್ತರಿಸಿದಳು. ಮೆಷಿನ್ನಿನ ಮುಂದೆ ಕೂತು ಎರಡು ಸಲ ಓಡಿಸಿದಳು. ಈ ಸಲ ಬಲಗೈಯೂ ಸಲೀಸಾಗಿ ಹೋಯಿತು.

ಅಣ್ಣ ಅಂಗಿಯನ್ನು ಮತ್ತೆ ತೊಟ್ಟುಕೊಂಡ. ಹೊರಡುವಾಗ ಬಟನ್ ಮಾಮ ಮೆಲ್ಲಗೆ ಎಚ್ಚರಿಸಿದರು. "ಅಂಗಿ ಅಂಚು ಬಿಚ್ಚಿದೆ ನೋಡಪ್ಪ."

"ಇರ್ಲಿ ಬಿಡಿ ಮಾಮಾ," ಎಂದು ಅಣ್ಣ ಅಮ್ಮನ ತಲೆಯ ಕಡೆ ಬಗ್ಗಿ ಹೆಗಲು ಕೊಟ್ಟ. ತಿರುಗಿ ತಂಗಿಗೆ ಹೇಳಿದ, "ಆ ಕಡೆ ನೀನು ಹಿಡಿ."

ಇಬ್ಬರೂ ಒಟ್ಟಿಗೆ ಎತ್ತಿದರು. ಮೆಟ್ಟಿಲಿಳಿಯುವ ಉದ್ದಕ್ಕೂ ಅವನ ಅಂಗಿಯ ಅಂಚಿನಲ್ಲಿ ಬಿಳಿ ನೂಲುಗಳು ಅಲ್ಲಾಡುತ್ತಿದ್ದವು.